ಗಾಳಿಯ ಹೊಳೆ, ಇಪ್ಪತ್ತನಾಲ್ಕು ಸೂಜಿ

ಹೋದ ತಿಂಗಳು ಮಿರಜಿನ ಕಿವಿ ದವಾಖಾನೆಯಲ್ಲಿ ನನ್ನ ಸರದಿ ಕಾಯುತ್ತ ಕೂತಿದ್ದಾಗ ರಾಯಬಾಗ ಕಡೆಯ ಒಬ್ಬ ಹೆಣ್ಣುಮಗಳು ಒಳಗೆ ಬಂದಳು. ಮೂವತ್ತರ ಆಸುಪಾಸು. ಗೋಡೆಗೆ ಒಂದು ಬೆರಳು ತಾಗಿಸಿಕೊಂಡೇ ನಡೆಯುತ್ತಿದ್ದಳು. ಉಳಿದವರಿಗೆ ಅದು ಕಾಣಿಸಲಿಲ್ಲ, ನನಗೆ ಕಂಡಿತು. ಕರೆದು ಪಕ್ಕದ ಕುರ್ಚಿಯಲ್ಲಿ ಕೂಡಿಸಿಕೊಂಡೆ.

“ಗ್ವಾಡಿ ಬಿಟ್ರ ನೆಲಾ ಅಳ್ಳಾಡತೈತೇನವಾ?” ಎಂದು ಕೇಳಿದೆ.

ಅವಳ ಕಣ್ಣಲ್ಲಿ ನೀರು ತುಂಬಿತು. “ಹೌದ್ರಿ ಅಣ್ಣಾರ. ಮನ್ಯಾಗ ಯಾರೂ ನಂಬವಲ್ರು. ಕೆಲಸಾ ತಪ್ಪಸಾಕ ನಾಟಕ ಮಾಡಾಕತ್ತಾಳ ಅಂತಾರ.”

ನಾಟಕವಲ್ಲ ತಾಯಿ. ಅಂದು ನಿನಗೆ ಅಷ್ಟೇ ಹೇಳಿದೆ, ಅಷ್ಟರಲ್ಲಿ ನನ್ನ ಹೆಸರು ಕೂಗಿದರು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ಶೌರ್ಯವೇನೂ ಇಲ್ಲ, ಮೂರ್ಖತನ ಮಾತ್ರ ಮೊಳಕ್ಕೆ ಮೊಳ ಇದೆ.

ನಾನು ಜುಗೂಳದವನು. ಕಾಗವಾಡದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಮನೆಯಲ್ಲಿ ಅವ್ವ, ಹೆಂಡತಿ ಪದ್ಮಾ ಮತ್ತು ನಾನು. ಹೊಳೆದಂಡೆಯ ಜೈನರ ಮನೆ, ಎರಡೆಕರೆ ಕಬ್ಬು. ಕೃಷ್ಣೆಯಲ್ಲಿ ಈಸಾಡಿ ಬೆಳೆದ ದೇಹ ನನ್ನದು. ಒಂದು ವರ್ಷ ಮಕ್ಕಳನ್ನು ಪ್ರವಾಸಕ್ಕೆಂದು ಕೊಂಕಣದ ದಂಡೆಗೆ ಕರೆದುಕೊಂಡು ಹೋದಾಗ ಒಬ್ಬ ಮನುಷ್ಯ ಉದ್ದನೆಯ ಹಲಗೆಯ ಮೇಲೆ ನೆಟ್ಟಗೆ ನಿಂತು, ಒಂದೇ ಹುಟ್ಟು ಹಿಡಿದು, ಬೆನ್ನ ಹಿಂದಿನ ಗಾಳಿ ಎಬ್ಬಿಸಿದ ಅಲೆಗಳ ಮೇಲೆ ಜಾರುತ್ತ ಹೋದದ್ದನ್ನು ಕಂಡೆ. ಅವತ್ತಿನಿಂದ ನನ್ನ ತಲೆ ನೆಟ್ಟಗಿರಲಿಲ್ಲ. ನಿಪ್ಪಾಣಿಯಲ್ಲಿ ಟ್ರ್ಯಾಕ್ಟರಿನ ಫೈಬರ್ ಛಾವಣಿ ಮಾಡುವವನ ಬೆನ್ನು ಹತ್ತಿ, ಥರ್ಮೊಕೋಲ್ ಕೊರೆಸಿ, ಮೇಲೆ ಫೈಬರ್ ಹೊದಿಸಿ, ಹನ್ನೊಂದು ಅಡಿಯ ಒಂದು ಹಲಗೆ ಮಾಡಿಸಿದೆ. ಬಿದಿರಿನ ಗಳಕ್ಕೆ ಪ್ಲೈವುಡ್ ಕೂಡಿಸಿ ಹುಟ್ಟು ಮಾಡಿಕೊಂಡೆ. ಅದನ್ನು ಹೆಗಲ ಮೇಲೆ ಹೊತ್ತು ಹೊಳೆಗೆ ನಡೆದರೆ ಊರಿನವರಿಗೆ ಹಬ್ಬ.

“ಏನ್ ಮಾಸ್ತರ, ಚಟ್ಟಾ ನೀವ ಹೊತಗೊಂಡು ಹೊಂಟ್ರಿ? ಇನ್ನ ಮೂರ ಮಂದಿ ಎಲ್ಲಿ?”

ನಮ್ಮಲ್ಲಿ ಜೂನಿನ ಮಿರಗದ ಮಳೆಯಿಂದ ಆಷಾಢ ಮುಗಿಯುವವರೆಗೆ ಪಡುವಣ ಗಾಳಿ ಬಿಟ್ಟೂಬಿಡದೆ ಬೀಸುತ್ತದೆ. ಹೊಳೆ ತುಂಬಿರುತ್ತದೆ, ಮಹಾಪೂರ ಇನ್ನೂ ಬಂದಿರುವುದಿಲ್ಲ. ಆ ಮೂರ್ನಾಲ್ಕು ವಾರ ನನ್ನವು. ನಮ್ಮ ಘಾಟಿನಲ್ಲಿ ಹಲಗೆ ನೀರಿಗಿಳಿಸಿದರೆ ಉಗಾರದ ಕಡೆಯ ಘಾಟಿನವರೆಗೆ ಗಾಳಿ ಬೆನ್ನಿಗಿರುತ್ತದೆ. ಅಲ್ಲಿಂದ ಹಲಗೆಯನ್ನು ಟಂಟಂ ಗಾಡಿಯ ಮೇಲೆ ಕಟ್ಟಿಕೊಂಡು ವಾಪಸ್ಸು. ಅಲೆ ಅಂದರೆ ಸಮುದ್ರದ ಅಲೆಯಲ್ಲ, ಮೊಣಕಾಲೆತ್ತರ ಬಂದರೆ ಹೆಚ್ಚು. ಆದರೆ ಅದು ಹಿಮ್ಮಡಿಯ ಕೆಳಗೆ ಎದ್ದದ್ದು ಕಣ್ಣಿಗೆ ಕಾಣುವ ಮೊದಲೇ ಕಾಲಿಗೆ ಗೊತ್ತಾಗುತ್ತಿತ್ತು. ಮೂರು ಸಲ ಜೋರಾಗಿ ಹುಟ್ಟು ಹಾಕಿ ಒಂದು ಹೆಜ್ಜೆ ಮುಂದಿಟ್ಟರೆ ಹಲಗೆ ತಾನೇ ಓಡುತ್ತಿತ್ತು. ಆ ಅಲೆ ಸಾಯುವುದರೊಳಗೆ ಮುಂದಿನದನ್ನು ಹಿಡಿಯಬೇಕು. ಗಾಳಿಯ ವೇಗದಲ್ಲೇ ಗಾಳಿಯ ಜೊತೆ ಹೋಗುವಾಗ ಕಿವಿಯಲ್ಲಿ ಅದರ ಸದ್ದು ಫಕ್ಕನೆ ನಿಲ್ಲುತ್ತದೆ. ಅಷ್ಟು ದೊಡ್ಡ ಗಾಳಿಯ ನಡುವೆ ಅಷ್ಟು ನಿಶ್ಶಬ್ದ. ಅದರ ರುಚಿ ಹತ್ತಿದವನಿಗೆ ಬೇರೆ ಯಾವುದೂ ರುಚಿಸುವುದಿಲ್ಲ. ಮೊಸಳೆ ಇದ್ದಾವೆ ಎಂದು ಹೆದರಿಸಿದವರಿಗೆ, ಅವಕ್ಕೂ ನನ್ನ ಹುಚ್ಚು ಗೊತ್ತಿದೆ ಎನ್ನುತ್ತಿದ್ದೆ.

ಎರಡು ಸಾವಿರದ ಹನ್ನೆರಡರ ಶಿವರಾತ್ರಿಯ ಸುಮಾರಿಗೆ ಕೆಮ್ಮು ಹತ್ತಿತು. ಪಿ.ಟಿ. ಮಾಸ್ತರಿಗೆ ಕೆಮ್ಮೇನು ಎಂದು ಒಂದು ತಿಂಗಳು ತಳ್ಳಿದೆ. ಸಂಜೆ ಜ್ವರ, ಬೆಳಗ್ಗೆ ಹಾಸಿಗೆ ಒದ್ದೆ. ಕಫ ಪರೀಕ್ಷೆ ಮಾಡಿದವರು ಟಿಬಿ ಎಂದರು. ಅವ್ವ ಸುದ್ದಿ ಕೇಳಿ, “ನಮ್ಮ ಮನೆತನದಾಗ ಈ ರೋಗ ಇಲ್ಲ, ಇನ್ನೊಮ್ಮೆ ನೋಡಂತ ಹೇಳು” ಎಂದಳು. ನನ್ನ ತಾಟು ಬೇರೆ ಇಡಲು ಹೋದ ಅವ್ವನ ಕೈಯಿಂದ ಪದ್ಮಾ ಅದನ್ನು ಇಸಿದುಕೊಂಡು ಎಲ್ಲರ ತಾಟುಗಳ ಜೊತೆಗೇ ಇಟ್ಟಳು. ಆ ಕ್ಷಣಕ್ಕೆ ನಾನು ಅವಳಿಗೆ ಇವತ್ತಿಗೂ ಋಣಿ.

ಆರು ತಿಂಗಳ ಗುಳಿಗೆ. ಹೆಸರು ಬರೆದ ಡಬ್ಬಿ. ಊರ ದವಾಖಾನೆಯ ಕಾಂಬಳೆ ಸಿಸ್ಟರ್ ಮೊದಲೆರಡು ತಿಂಗಳು ತಮ್ಮ ಕಣ್ಣೆದುರೇ ನುಂಗಿಸಿದರು. ಆಮೇಲೆ ವಾರದ ಮೊದಲ ಗುಳಿಗೆ ಅವರೆದುರು, ಉಳಿದವು ಮನೆಯಲ್ಲಿ. ಅವುಗಳಲ್ಲಿ ಒಂದು ಕೆಂಪು ಕ್ಯಾಪ್ಸೂಲ್. ನುಂಗಿದರೆ ಉಚ್ಚೆ, ಬೆವರು ಎಲ್ಲ ಕೇಸರಿ ಬಣ್ಣ. ಹೊಟ್ಟೆಯಲ್ಲಿ ಅರ್ಧ ದಿನ ತೊಳೆಸು.

ಚಾತುರ್ಮಾಸ ಶುರುವಾಗುವ ಹೊತ್ತಿಗೆ ಬಸದಿಯಲ್ಲಿ ಯಾರೋ ಅವ್ವನಿಗೆ ಹೇಳಿದರು, ಆ ಕ್ಯಾಪ್ಸೂಲಿನ ಸಿಪ್ಪೆಯನ್ನು ದನದ ಎಲುಬಿನಿಂದ ಮಾಡುತ್ತಾರೆ ಎಂದು. ಅವ್ವ ಬಸದಿಯಿಂದ ನೇರ ನನ್ನ ಎದುರು ಬಂದು ಕೂತಳು. ನೀರು ಸೋಸದೆ ಕುಡಿಯದವಳು, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದವಳು.

“ಮಗನ, ಚಾತುರ್ಮಾಸ ಮುಗಿಯೋತನಕ ಆ ಕೆಂಪ ಗುಳಗಿ ಒಂದ ಬಿಡು. ಉಳದದ್ದ ತಗೋ. ನಿನ್ನ ಪಾಪಾ ನನಗ ಇರ್ಲಿ.”

“ಆತು ಬಿಡವ್ವಾ” ಎಂದೆ. ಬಹಳ ಒಳ್ಳೆಯ ಮಗನ ಹಾಗೆ ಎಂದೆ. ಮೈ ತುಂಬಿತ್ತು, ಕೆಮ್ಮು ನಿಂತಿತ್ತು. ಕಾಂಬಳೆ ಸಿಸ್ಟರಿಗೆ ಗುಳಿಗೆಯ ಖಾಲಿ ಪಟ್ಟಿ ತೋರಿಸಿದರೆ ಆಯಿತು.

ಮುಂದಿನ ವರ್ಷ ಕಬ್ಬಿನ ಹಂಗಾಮು ಶುರುವಾದಾಗ ರುಮಾಲಿನಲ್ಲಿ ರಕ್ತ ಬಿತ್ತು. ರೋಗ ಮರಳಿತ್ತು. ಈ ಸಲ ಎಂಟು ತಿಂಗಳು, ಜೊತೆಗೆ ಇಪ್ಪತ್ತನಾಲ್ಕು ಇಂಜೆಕ್ಷನ್, ದಿನ ಬಿಟ್ಟು ದಿನ. ಅವ್ವ ಅದೇ ವಾರ ಊರಿಗೆ ಬಂದಿದ್ದ ಜೈನ ಸನ್ಯಾಸಿನಿ ಒಬ್ಬ ಮಾತಾಜಿಯವರ ಕಾಲಿಗೆ ಬಿದ್ದು ಎಲ್ಲ ಹೇಳಿಕೊಂಡಳು. ಅವರು, “ಬ್ಯಾನಿ ಬಿದ್ದ ಮಗನ ಔಷಧ ಬಿಡಸೂ ಮೊದಲ ಒಂದ ಮಾತ ಕೇಳಬಾರದಿತ್ತೇನವ್ವಾ?” ಎಂದರಂತೆ, ಅಷ್ಟೇ. ಮನೆಗೆ ಬಂದವಳು ಅಂದಿನಿಂದ ಕೆಂಪು ಕ್ಯಾಪ್ಸೂಲನ್ನು ತನ್ನ ಕೈಯಿಂದಲೇ ನನ್ನ ಬಾಯಿಗೆ ಹಾಕತೊಡಗಿದಳು. ಹಾಕಿ, ಬಾಯಿ ತೆರೆಸಿ, ನಾಲಗೆ ಎತ್ತಿಸಿ ನೋಡುತ್ತಿದ್ದಳು.

ಹದಿನೈದನೆಯ ಸೂಜಿಯ ಹೊತ್ತಿಗೆ ನಡೆಯುವಾಗ ಲೋಕ ಕುಣಿಯತೊಡಗಿತು. ರಸ್ತೆಯ ಫಲಕ, ಅಂಗಡಿಯ ಬೋರ್ಡು, ಎದುರು ಬರುವವರ ಮುಖ, ಎಲ್ಲವೂ ನನ್ನ ಪ್ರತಿ ಹೆಜ್ಜೆಗೂ ಮೇಲೆ ಕೆಳಗೆ ಹಾರುತ್ತಿದ್ದವು. ನಿಂತರೆ ಅವೂ ನಿಲ್ಲುತ್ತಿದ್ದವು. ಸೂಜಿ ಮಾಡುವಾಗ ಪ್ರತಿ ಸಲ ಸಿಸ್ಟರ್ ಕೇಳುತ್ತಿದ್ದರು: “ಚಕ್ಕರ್ ಬರತೈತೇನ್ರಿ ಸರ್? ಕಿವಿ ಗುಂಯ್ ಅಂತೈತೇನು? ಹಂಗೇನರ ಇದ್ರ ಹೇಳ್ರಿ, ಸೂಜಿ ನಿಲ್ಲಸ್ತಾರ.”

“ಏನೂ ಇಲ್ರಿ ಸಿಸ್ಟರ್.”

ಮೊದಲ ಸಲ ಔಷಧ ತಪ್ಪಿಸಿ ಕೆಟ್ಟವನು ಈ ಸಲ ಒಂದೂ ತಪ್ಪಿಸಬಾರದು ಎಂದು ಹಟ ಹಿಡಿದಿದ್ದೆ. ಅಂಗವಸ್ತ್ರದಲ್ಲಿ ಗಂಟು ಹಾಕಿಕೊಂಡವನ ಹಾಗೆ ಇಪ್ಪತ್ತನಾಲ್ಕನ್ನು ಎಣಿಸಿದೆ. ಕೇಳಿದವರಿಗೆ ಸುಳ್ಳು ಹೇಳಿ ಇನ್ನೂ ಒಂಬತ್ತು ಚುಚ್ಚಿಸಿಕೊಂಡೆ. ಇದರಲ್ಲಿ ಸಿಸ್ಟರದಾಗಲಿ ಡಾಕ್ಟರರದಾಗಲಿ ಎಳ್ಳಷ್ಟೂ ತಪ್ಪಿಲ್ಲ. ಓದುವವರೇ, ಇದೊಂದು ಮಾತು ಕಿವಿಗೆ ಹಾಕಿಕೊಳ್ಳಿ. ಚಕ್ಕರ್ ಬಂದರೆ ಬಂತು ಅನ್ನಿ.

ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಮಕ್ಕಳಿಗೆ ಸಾವಧಾನ್ ಎಂದು ಕೂಗಿ ನಾನೇ ಓಲಾಡುತ್ತಿದ್ದೆ. ರಾಷ್ಟ್ರಗೀತೆಗೆ ಕಣ್ಣು ಮುಚ್ಚಿದ ಒಂದು ದಿನ ಸಾಲಿನ ಮೇಲೆಯೇ ಬಿದ್ದೆ. ಮಧ್ಯಾಹ್ನದೊಳಗೆ ಸುದ್ದಿ ಕಾಗವಾಡವೆಲ್ಲ ಹಬ್ಬಿತು: ಪಿ.ಟಿ. ಮಾಸ್ತರ ಕುಡಿದು ಬಂದಾನ. ನಮ್ಮ ಮನೆಯಲ್ಲಿ ಜೇನುತುಪ್ಪವನ್ನೂ ಮುಟ್ಟುವುದಿಲ್ಲ. ಹೆಡ್ ಮಾಸ್ತರರು ಬಾಗಿಲು ಮುಂದೆ ಮಾಡಿ ಮೆಲ್ಲಗೆ, “ಮನ್ಯಾಗ ಏನರ ತ್ರಾಸ ಐತೇನ್ರಿ?” ಎಂದು ಕೇಳಿದಾಗ ಕುರ್ಚಿಯ ಕೈ ಹಿಡಿದುಕೊಂಡು ಅತ್ತೆ. ಮೂವತ್ತಾರು ವರ್ಷದ ಗಂಡಸು.

ಮಿರಜಿಗೆ ಪದ್ಮಾ ಜೊತೆಗೆ ಬಂದಳು. ಮೂರು ತಾಸು ಕಾದೆವು. ಎದುರಿನ ಗೋಡೆಯ ಮೇಲೆ ಫ್ಯಾನಿನ ನೆರಳು ತಿರುಗುತ್ತಿತ್ತು, ನಾನು ಅದನ್ನು ನೋಡಲಾರದೆ ಅವಳ ಸೀರೆಯ ಅಂಚು ನೋಡುತ್ತ ಕೂತಿದ್ದೆ. ಒಳಗೆ ಡಾಕ್ಟರು ನೆಲದ ಮೇಲೆ ದಪ್ಪನೆಯ ಸ್ಪಂಜಿನ ಗಾದಿ ಹಾಸಿ, “ಯಾವರ ಉಭೇ ರಾಹಾ” ಎಂದರು. ಅದರ ಮೇಲೆ ನಿಂತೆ. ಕಾಲ ಕೆಳಗೆ ಮೆತ್ತಗೆ. ಎಷ್ಟೋ ತಿಂಗಳ ಮೇಲೆ ಹಲಗೆಯ ನೆನಪಾಗಿ ಖುಷಿಯೇ ಆಯಿತು. ಆಮೇಲೆ, “ಡೋಳೆ ಮಿಟಾ” ಎಂದರು. ಕಣ್ಣು ಮುಚ್ಚಿದೆ. ಮುಂದಿನದು ಗೊತ್ತಿಲ್ಲ. ಕಣ್ಣು ಬಿಟ್ಟಾಗ ಅಲ್ಲಿ ಕೆಲಸಕ್ಕಿದ್ದ ಇಬ್ಬರು ಹುಡುಗಿಯರು ಎರಡೂ ರಟ್ಟೆ ಹಿಡಿದು ನನ್ನನ್ನು ಎತ್ತುತ್ತಿದ್ದರು. ಬಿದ್ದದ್ದು ನನಗೆ ತಿಳಿದೇ ಇರಲಿಲ್ಲ.

ಡಾಕ್ಟರು ಮೇಜಿನ ಮೇಲೆ ಕೈ ಇಟ್ಟು ನೆಟ್ಟಗೆ ಹೇಳಿದರು. ಕಿವಿ ಕೇಳಿಸುತ್ತದೆ, ಆದರೆ ಆ ಸೂಜಿಗಳಿಂದ ಕಿವಿಯೊಳಗೆ ಮೈಯ ತೋಲ, ಅಂದರೆ ಸಮತೋಲ ಹಿಡಿಯುವ ಭಾಗ ಎರಡೂ ಕಡೆ ಹೋಗಿದೆ. ಅದು ಮರಳುವುದಿಲ್ಲ. ಇನ್ನು ಮುಂದೆ ಕಣ್ಣು ಮತ್ತು ಪಾದಗಳೇ ನಿಮ್ಮ ತಕ್ಕಡಿ.

“ಪರತ್ ಯೇಣಾರಚ ನಾಹೀ ಕಾ?” ಎಂದು ಪದ್ಮಾ ಎರಡು ಸಲ ಕೇಳಿದಳು. ಬರುವುದೇ ಇಲ್ಲವೇ? ಅವರು ಎರಡು ಸಲವೂ ಇಲ್ಲವೆಂದು ತಲೆಯಾಡಿಸಿದರು. ಹೊರಡುವಾಗ ಅಲ್ಲಿನ ಒಬ್ಬ ಹುಡುಗಿ ಒಂದು ಉಪಕಾರ ಮಾಡಿದಳು. ಗೋಡೆಯನ್ನು ಹಿಡಿಯಬೇಡಿ, ಒಂದು ಬೆರಳು ತಾಗಿಸಿ ಸಾಕು ಎಂದು ತೋರಿಸಿಕೊಟ್ಟಳು. ನಿಜವಾಗಿಯೂ ಸಾಕಾಯಿತು. ಬಸ್‌ಸ್ಟ್ಯಾಂಡಿನವರೆಗೆ ಪದ್ಮಾಳ ಹೆಗಲಿಗೆ ಬೆರಳು ತಾಗಿಸಿಕೊಂಡು ಬಂದೆ.

ಅವ್ವನಿಗೆ ಹೇಳಿದಾಗ ಅವಳು ಅಳಲಿಲ್ಲ. ಮರುದಿನ ಬಸದಿಗೆ ಹೋಗಿ ನಿಯಮ ತೆಗೆದುಕೊಂಡು ಬಂದಳು. “ನೀ ಮೊದಲಿನಂಗ ನಿಂದ್ರೋತನಕ ನನಗ ಉಪ್ಪ ಬ್ಯಾಡ. ನನ್ನ ನಿಯಮಾ ನಿನ್ನ ಕೆಡವೇತಿ, ನನ್ನ ನಿಯಮಾನ ನಿನ್ನ ಎಬ್ಬಸಲಿ.”

ಸಪ್ಪನೆಯ ಬೇಳೆ, ಸಪ್ಪನೆಯ ರೊಟ್ಟಿ. ನಮ್ಮ ಎದುರೇ ಕೂತು ಉಣ್ಣುತ್ತಿದ್ದಳು. ಅರವತ್ತೆರಡರ ಜೀವ ತಿಂಗಳು ತಿಂಗಳಿಗೆ ಇಳಿಯಿತು. ಬೇಸಿಗೆಯಲ್ಲಿ ಎರಡು ಸಲ ಅಂಗಳದಲ್ಲಿ ತಲೆಸುತ್ತಿ ಕೂತಳು. ರಕ್ತದಲ್ಲಿ ಉಪ್ಪು ಕಡಿಮೆಯಾಗಿದೆ, ಹೀಗೇ ಬಿಟ್ಟರೆ ಕಷ್ಟ ಎಂದು ಡಾಕ್ಟರು ಬೈದರು. ಪದ್ಮಾ ಬೇಡಿಕೊಂಡಳು, ನಾನು ಬೇಡಿಕೊಂಡೆ. ಅವಳದ್ದು ಒಂದೇ ಮಾತು: “ಮೊದಲ ಇಂವಾ ನಿಂದ್ರಲಿ.”

ತನ್ನಿಂದಲೇ ಕೆಟ್ಟಿತೆಂದು ಅವಳು ನಂಬಿದ್ದು ಸುಳ್ಳೆಂದು ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಅವಳು ಅನ್ನ ಕಲಸುವಾಗ ನಾನು ಬೇರೆ ಕಡೆ ನೋಡುತ್ತಿದ್ದೆ. ರೋಗದ ದಿನಗಳಲ್ಲಿ ಎಲ್ಲಕ್ಕಿಂತ ಕಷ್ಟದ್ದು ಯಾವುದು ಎಂದು ಕೇಳಿದರೆ ರಕ್ತವೂ ಅಲ್ಲ, ಸೂಜಿಯೂ ಅಲ್ಲ, ಆ ಊಟದ ಹೊತ್ತು.

ಎಂಟು ತಿಂಗಳ ಗುಳಿಗೆ ಮುಗಿದು ಕಫದಲ್ಲಿ ರೋಗವಿಲ್ಲ ಎಂದು ಬರೆದುಕೊಟ್ಟಾಗ ಆಷಾಢ. ಗಾಳಿ ಬೀಸುತ್ತಿತ್ತು. ನಿಂತು ತೋರಿಸಿದರೆ ಅವ್ವ ಉಪ್ಪು ಉಣ್ಣುತ್ತಾಳೆ, ನಿಜ ಹೇಳುವ ಗೋಜೂ ತಪ್ಪುತ್ತದೆ ಎಂದು ಲೆಕ್ಕ ಹಾಕಿದೆ. ಒಂದು ಬೆಳಗ್ಗೆ ಪದ್ಮಾ ತೌರಿಗೆ ಹೋದದ್ದು ನೋಡಿ, ಒಬ್ಬನೇ ಹಲಗೆ ಎಳೆದುಕೊಂಡು ಹೊಳೆಗೆ ಇಳಿದೆ. ಮೊದಲು ಯಾರೂ ಇಲ್ಲದಾಗ ನಿಂತು ನೋಡೋಣ, ಆಮೇಲೆ ಅವ್ವನನ್ನು ಕರೆದು ತೋರಿಸೋಣ ಎಂದು.

ಮೊಣಕಾಲೂರಿ ನಡುಹೊಳೆಗೆ ಹೋದೆ. ಎದುರು ದಂಡೆಯ ಒಂದು ಬೇವಿನ ಗಿಡದ ಮೇಲೆ ಕಣ್ಣು ನೆಟ್ಟು ಎದ್ದೆ. ನಿಂತೆ! ಹತ್ತು ಎಣಿಸುವಷ್ಟು ಹೊತ್ತು ನಿಂತಿದ್ದೆ. ಹಿಂದಿನಿಂದ ಅಲೆ ಬಂತು. ಮೊದಲಾದರೆ ಹಿಮ್ಮಡಿ ಹೇಳುತ್ತಿತ್ತು, ಈಗ ಯಾರೂ ಏನೂ ಹೇಳಲಿಲ್ಲ. ಬೇವಿನ ಗಿಡ ಮೇಲಕ್ಕೆ ಹಾರಿತು, ಅಷ್ಟೇ.

ಆಷಾಢದ ಕೃಷ್ಣೆಯ ನೀರು ಚಹಾದಂತೆ ಕೆಂಪಗಿರುತ್ತದೆ. ಒಳಗೆ ಕಣ್ಣು ಬಿಟ್ಟರೂ ಒಂದೇ, ಮುಚ್ಚಿದರೂ ಒಂದೇ. ನೆಲವಿಲ್ಲ, ಬೆಳಕಿಲ್ಲ. ಮೇಲೆ ಯಾವುದು ಎಂದು ನನಗೆ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಈಸಿದ ಹೊಳೆಯಲ್ಲಿ ಮೇಲೆ ಯಾವುದೆಂದು ತಿಳಿಯಲಿಲ್ಲ. ಜೀವ ಬಿಟ್ಟು ಕೈ ಬಡಿದೆ, ಕೈ ಕೆಸರಿಗೆ ತಾಗಿತು. ಅಷ್ಟೂ ಬಲ ಹಾಕಿ ಈಸಿದ್ದು ಕೆಳಗೆ. ತಿರುಗಿದೆ, ತಿರುಗಿದ ಕೂಡಲೇ ಮತ್ತೆ ದಿಕ್ಕು ತಪ್ಪಿತು. ಎದೆ ಒಡೆಯುತ್ತಿತ್ತು. ಮುಗಿಯಲಿ, ಅವ್ವನಿಗೆ ಏನೂ ಹೇಳಬೇಕಾಗಿಲ್ಲ ಎಂದು ಒಂದು ಕ್ಷಣ ಅನಿಸಿದ್ದು ನಿಜ. ಅಷ್ಟರಲ್ಲಿ ಬಲಗಾಲನ್ನು ಯಾರೋ ಎಳೆದಂತಾಯಿತು. ಹಲಗೆ ತೇಲಿ ಹೋಗದಿರಲೆಂದು ಕಾಲಿಗೆ ಕಟ್ಟಿಕೊಂಡ ಹಗ್ಗ. ಮೇಲೆ ಗಾಳಿ ಹಲಗೆಯನ್ನು ತಳ್ಳುತ್ತಿತ್ತು, ಹಗ್ಗ ಬಿಗಿದಿತ್ತು. ಎರಡೂ ಕೈಯಿಂದ ಅದನ್ನು ಹಿಡಿದು ಬಾವಿಯಿಂದ ಕೊಡ ಎಳೆದಂತೆ ನನ್ನನ್ನೇ ನಾನು ಎಳೆದುಕೊಂಡೆ.

ಮನೆ ಸೇರಿದಾಗ ಅವ್ವ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೆಸರು ಮೆತ್ತಿದ ನನ್ನನ್ನು ನೋಡಿ ಮೊರ ಕೆಳಗಿಟ್ಟು ಎದ್ದಳು.

“ಸಾಯಾಕ ಹೋಗಿದ್ದೇನೋ?”

“ಇಲ್ಲವ್ವಾ. ನಿಂದ್ರಾಕ.”

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ನನ್ನ ಕೈಯಾರೆ ಕೆಡಸಿದ್ನಿ ಮಗನ ನಿನ್ನ. ನನ್ನ ಬಾಯಿ ಹುಳಾ ಬಿದ್ದು ಹೋಗ್ಲಿ.”

ಅದನ್ನು ಕೇಳಲಾಗಲಿಲ್ಲ. ನೀರಿನೊಳಗೆ ಹೆದರಿದ್ದಕ್ಕಿಂತ ಹೆಚ್ಚು ಹೆದರಿ ಹೇಳಿದೆ. “ಅವ್ವಾ, ನೀ ಬಿಡು ಅನ್ನೂಕಿಂತ ಮೊದಲ ನಾ ಬಿಟ್ಟಿದ್ನಿ. ಒಂದ ತಿಂಗಳ ಮೊದಲ. ಗಾಳಿ ಸುರು ಆದ ದಿನಾನ. ಅದನ್ನ ನುಂಗಿದ್ರ ಹೊಟ್ಟಿ ತೊಳಸತಿತ್ತು, ಹಲಗಿ ಮ್ಯಾಲ ನಿಂದ್ರಾಕ ಆಗತಿದ್ದಿಲ್ಲ. ನಿನ್ನ ನಿಯಮಾ ನನಗ ನೆವಾ ಆತು.”

“ಎಲ್ಲಿ ಒಗದಿ ಗುಳಗಿ?”

“ಹೊಳ್ಯಾಗ.”

ಕಪಾಳಕ್ಕೆ ಬಿತ್ತು. ಹುಟ್ಟಿದಾಗಿನಿಂದ ಅವ್ವ ನನ್ನನ್ನು ಹೊಡೆದವಳಲ್ಲ. ಅಂಥ ದೊಡ್ಡ ಏಟೂ ಅಲ್ಲ ಅದು, ಉಪ್ಪಿಲ್ಲದ ಕೈ. ಆದರೆ ನಾನು ಬುಡ ಕಡಿದ ಕಬ್ಬಿನ ಹಾಗೆ ಬಿದ್ದೆ. ಆರಿಸಿದ ಅಕ್ಕಿ ಎಲ್ಲ ಚೆಲ್ಲಿತು. ಅವಳು ಎತ್ತಲಿಲ್ಲ. ಪಕ್ಕದಲ್ಲೇ ಕುಸಿದು ಕೂತು, “ಐದ ತಿಂಗಳಾತು ಸಪ್ಪನ ಕೂಳ ತಿನ್ನಾಕತ್ತು. ಎದರಿಗೆ ಕುಂತ ನೋಡಿದೆಲ್ಲೋ, ನೋಡಿದೆಲ್ಲೋ” ಎಂದು ಎದೆ ಎದೆ ಬಡಿದುಕೊಂಡು ಅತ್ತಳು. ನಾನೂ ಅತ್ತೆ. ಎಷ್ಟೋ ಹೊತ್ತಿನ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಉಪ್ಪಿನ ಡಬ್ಬಿ ತಂದು ಒಂದು ಚಿಟಿಕೆ ನಾಲಗೆಗೆ ಹಾಕಿಕೊಂಡು ಕಣ್ಣು ಮುಚ್ಚಿದಳು.

“ನಂದ ತೀರಿತು. ಇನ್ನ ನೀ ನಿಯಮಾ ತಗೋ.”

“ಏನಂತ?”

“ನೀರಿನ ಮ್ಯಾಲ ನಿಂದ್ರೂದಿಲ್ಲ ಅಂತ. ಜೀವ ಇರೋತನಕ.”

ನಮ್ಮಲ್ಲಿ ನಿಯಮಕ್ಕೆ ಅವಧಿ ಇರುತ್ತದೆ. ಒಂದು ದಿನ, ಒಂದು ಪಕ್ಷ, ಒಂದು ವರ್ಷ. “ಐದ ವರ್ಷಕ್ಕ ತಗೋತೀನವ್ವಾ” ಎಂದೆ.

“ಕಾಯಿಪಲ್ಲೆ ಸಂತಿ ಅಲ್ಲಿದು.”

“ಮತ್ತ… ಮೊಣಕಾಲೂರಿ?”

ಅವ್ವ ಚೆಲ್ಲಿದ ಅಕ್ಕಿ ಬಳಿದು ಮೊರಕ್ಕೆ ಹಾಕಿದಳು. “ಮೊಣಕಾಲೂರಿ ಅಡ್ಡಿಯಿಲ್ಲ. ಮೈಮ್ಯಾಲ ತೇಲೂ ಜಾಕೀಟ ಇರಬೇಕು. ದಂಡಿಮ್ಯಾಲ ಒಬ್ಬರು ಇರಬೇಕು.”

ಕೈ ಜೋಡಿಸಿ ತೆಗೆದುಕೊಂಡೆ.

ಅದಾಗಿ ಐದು ಆಷಾಢ ಕಳೆದವು. ತೋಲ ಮರಳಲಿಲ್ಲ. ನಡೆಯುವಾಗ ಇಂದಿಗೂ ಬೋರ್ಡಿನ ಅಕ್ಷರ ಹಾರುತ್ತವೆ, ಓದಬೇಕಾದರೆ ನಿಲ್ಲುತ್ತೇನೆ. ಶಾಲೆಯಲ್ಲಿ ಕಂಬಕ್ಕೆ ಬೆರಳು ತಾಗಿಸಿ ಸಾವಧಾನ್ ಎನ್ನುತ್ತೇನೆ. ಮಕ್ಕಳಿಗೆ ಕಾರಣ ಹೇಳಿದ್ದೇನೆ, ಈಗ ಯಾರೂ ನಗುವುದಿಲ್ಲ. ಗಾಳಿ ಶುರುವಾದರೆ ಪದ್ಮಾ ಸ್ಕೂಟಿ ತೆಗೆದುಕೊಂಡು ದಂಡೆಗುಂಟ ಬರುತ್ತಾಳೆ, ನಾನು ಮೊಣಕಾಲೂರಿ ಹೊಳೆಯಲ್ಲಿ ಹೋಗುತ್ತೇನೆ.

ಅವ್ವ ತೀರಿಕೊಂಡು ಎರಡು ವರ್ಷವಾಯಿತು. ಈ ವರ್ಷ ಗಾಳಿ ಬಹಳ ಚೆನ್ನಾಗಿತ್ತು. ಹೊಳೆ ತಿರುಗುವ ಕಡೆ ದಂಡೆಯ ರಸ್ತೆ ಕಬ್ಬಿನ ಹಿಂದೆ ಮರೆಯಾಗುತ್ತದೆ, ಪದ್ಮಾ ಕಾಣಿಸುವುದಿಲ್ಲ, ಯಾರೂ ಕಾಣಿಸುವುದಿಲ್ಲ. ಅಲ್ಲಿ ಹಿಂದಿನಿಂದ ಅಲೆ ಎದ್ದು ಹಲಗೆಯನ್ನು ಹಿಡಿಯಿತು. ಮೂರು ಸಲ ಹುಟ್ಟು ಹಾಕಿದೆ, ಹಲಗೆ ಓಡಿತು, ಕಿವಿಯಲ್ಲಿ ಗಾಳಿ ನಿಂತಿತು. ಎರಡೂ ಮೊಣಕಾಲು ತಾವಾಗಿಯೇ ಬಿಗಿದು ನನ್ನನ್ನು ಮೇಲೆತ್ತಲು ನೋಡಿದವು. ಹಲಗೆಯ ಅಂಚು ಗಟ್ಟಿಯಾಗಿ ಹಿಡಿದುಕೊಂಡು, ಅಳುತ್ತಲೇ, ಮೊಣಕಾಲೂರಿಯೇ ಕೂತಿದ್ದೆ.